ಅಮ್ಮನಿಗೆ ನಾನೇ ಕೊಟ್ಟ ವಸೂಲಿ ನೋಟಿಸು

ಮೊದಲು ಸಂಗತಿಗಳು.

ಒಂದು: ಮೊದಲ ಮನೆ ಕೊಳ್ಳುವವರಿಗೆ ಸರಕಾರ ಸಹಾಯಧನ ಕೊಟ್ಟಿತು.
ಎರಡು: ಆಗಲೇ ಮನೆ ಇದ್ದ ಕೆಲವರಿಗೂ ಅದು ಸಂದಾಯವಾಯಿತು.
ಮೂರು: ಅದನ್ನು ಹಿಂಪಡೆಯಲು ಮಂಗಳೂರಿನ ಕಚೇರಿಯೊಂದರಲ್ಲಿ ನನ್ನನ್ನು ಗುತ್ತಿಗೆಯ ಮೇಲೆ ನೇಮಿಸಲಾಯಿತು. ಓದಿದ್ದು ಸ್ನಾತಕೋತ್ತರ ಪದವಿ. ಕೆಲಸ ನೋಟಿಸು ಟೈಪ್ ಮಾಡಿ ಮನೆಮನೆಗೆ ತಲುಪಿಸುವುದು.
ನಾಲ್ಕು: ತಪ್ಪಿತಸ್ಥರನ್ನು ಆರಿಸುತ್ತಿದ್ದುದು ಕಂಪ್ಯೂಟರ್. ಬೈಗುಳ ತಿನ್ನುತ್ತಿದ್ದುದು ನಾವು.
ಐದು: ಆ ಪಟ್ಟಿಯಲ್ಲಿ ನನ್ನ ತಾಯಿಯ ಹೆಸರಿತ್ತು.

ನನ್ನ ಗುತ್ತಿಗೆ ಮುಗಿದಿದೆ. ಇಂಥ ಪ್ರಸಂಗಗಳು ಮುಗಿದಿಲ್ಲವೆಂದು ಕೇಳುತ್ತೇನೆ. ಕೇಳಿದಾಗಲೆಲ್ಲ ಆ ಕಚೇರಿಯ ಗಿರಗುಟ್ಟುವ ಫ್ಯಾನು, ನಿವೃತ್ತಿಯ ಅಂಚಿನಲ್ಲಿದ್ದ ಮೇಲ್ವಿಚಾರಕರ ಸ್ಕೂಟರಿನ ಹಿಂದಿನ ಸೀಟು ನೆನಪಾಗಿ, ಸಿಟ್ಟಿನ ಜೊತೆಗೇ ಒಂದು ಬಗೆಯ ಪ್ರೀತಿಯೂ ಹುಟ್ಟುತ್ತದೆ.

ಮೇಲಿನ ಮಂಚ

ಬಿಜೈಯ ಒಂದು ಫ್ಲಾಟು. ಗಂಡ ಗಲ್ಫಿನಲ್ಲಿ. ಅರ್ಜಿಯ 'ಹಾಲಿ ನಿವಾಸ' ಎಂಬಲ್ಲಿ ಆತ ಅಲ್ಲಿನ ವಿಳಾಸ ಬರೆದಿದ್ದರಿಂದ, ಆತನಿಗೆ ವಿದೇಶದಲ್ಲಿ ಮನೆಯಿದೆಯೆಂದು ಕಂಪ್ಯೂಟರ್ ತೀರ್ಮಾನಿಸಿತ್ತು. ಹೆಂಡತಿ ವೀಡಿಯೊ ಕಾಲ್ ಮಾಡಿ ಫೋನನ್ನು ಮೇಲ್ವಿಚಾರಕರ ಕೈಗೆ ಕೊಟ್ಟರು. ತೆರೆಯಲ್ಲಿ ಒಂದೇ ಕೋಣೆ, ಒಂದರ ಮೇಲೊಂದು ಮಂಚ, ಎಂಟು ಮಂದಿ. ಎಲ್ಲರೂ ಕೈ ಬೀಸಿದರು.

"ಇದರಲ್ಲಿ ನಿಮ್ಮದು ಯಾವುದು?" ಎಂದು ಮೇಲ್ವಿಚಾರಕರು ಕೇಳಿದರು.

"ಮೇಲಿನ ಮಂಚ, ಸರ್. ಜಪ್ತಿ ಮಾಡುವುದಾದರೆ ಏಣಿಯಿಂದ ಶುರು ಮಾಡಿ. ಕೆಳಗಿನವನಿಗೆ ಸ್ವಲ್ಪ ನಿದ್ದೆ ಆದರೂ ಬರ್ತದೆ."

ಸ್ವೀಕೃತಿ ಸಹಿ

ಫಳ್ನೀರಿನ ಕ್ಲಿನಿಕ್ಕೊಂದರಲ್ಲಿ ಆಯಾ ಆಗಿ ದುಡಿದ ಅಮ್ಮ, ಕಾಟಿಪಳ್ಳದಲ್ಲಿ ಒಂದು ಪುಟ್ಟ ಮನೆ ಕೊಂಡಿದ್ದರು. ಸಹಾಯಧನ ಹಿಂತಿರುಗಿಸಬೇಕಾದರೆ ಆ ಮನೆಯನ್ನೇ ಮಾರಬೇಕಿತ್ತು. ಮೂವತ್ತು ದಿನದ ಗಡುವಿನ ನೋಟಿಸನ್ನು ನಾನೇ ಕೊಟ್ಟೆ. ಮೇಲ್ವಿಚಾರಕರು ಬಾಗಿಲಲ್ಲಿ ನಿಂತು ಚಪ್ಪಲಿಗಳನ್ನು ಎಣಿಸುತ್ತಿದ್ದರು.

"ಇದು ಬರೆದದ್ದು ಯಾರು?" ಅಮ್ಮ ಕೇಳಿದರು.

"ನಾನು."

"ಶಾಲೆಗೆ ಒಂದು ರಜೆ ಅರ್ಜಿ ಬರೆಯಲಿಕ್ಕೂ ನಿನಗೆ ನಾನೇ ಬೇಕಿತ್ತು. ಈಗ ನನಗೇ ಬರೆಯುವಷ್ಟು ದೊಡ್ಡ ಜನ ಆದೆಯಲ್ಲ ಮಾರಾಯ!"

ಸಹಿ ಹಾಕಿ ಕಾಗದ ಚಾಚಿದರು. "ಊಟಕ್ಕೆ ಕೂತ್ಕೋ. ಅದಕ್ಕೂ ಮೂವತ್ತು ದಿನದ ಗಡುವು ಉಂಟಾ?"

ಸ್ಥಳ ಪರಿಶೀಲನೆ

ಕಂಪ್ಯೂಟರ್ ಪತ್ತೆಹಚ್ಚಿದ ಅಮ್ಮನ 'ಇನ್ನೊಂದು ಮನೆ' ಎಂದರೆ ಊರಿನ ಕುಟುಂಬದ ಮನೆ. ತಾಯಿಯ ಕಡೆಯಿಂದ ಬಂದ ಹಕ್ಕು. ದಾಖಲೆಯಲ್ಲಿ ಇಪ್ಪತ್ತಾರು ಹೆಸರು, ಅಮ್ಮನದು ಹತ್ತೊಂಬತ್ತನೆಯದು. ಅಲ್ಲಿ ಯಾರೂ ಮಲಗುವುದಿಲ್ಲ. ಅದು ಕುಟುಂಬವನ್ನು ಕಾಯುವ ದೈವದ ಮನೆ. ವರ್ಷಕ್ಕೊಮ್ಮೆ ದೈವಕ್ಕೆ ಸಲ್ಲಿಸುವ ತಂಬಿಲದ ಸೇವೆಗೆ ಎಲ್ಲರೂ ಸೇರುತ್ತಾರೆ, ಉಣ್ಣುತ್ತಾರೆ, ಹೊರಡುತ್ತಾರೆ.

ಅಮ್ಮನ ಪರವಾಗಿ ನಾನು ತಕರಾರು ಅರ್ಜಿ ಬರೆದೆ. ಮೇಲ್ವಿಚಾರಕರು ಪರಿಶೀಲನೆಗೆ ಬಂದದ್ದು ಸರಿಯಾಗಿ ತಂಬಿಲದ ದಿನ. ಕುಟುಂಬದ ಹಿರಿಯರಾದ ನನ್ನ ಸೋದರಮಾವ ಎದುರುಗೊಂಡರು.

"ಇಲ್ಲಿ ವಾಸ ಇರುವುದು ಯಾರು?"

"ದೈವ."

"ಬೇರೆ ಯಾರೂ ಇಲ್ವಾ?"

"ಅವರು ಇರುವಾಗ ಬೇರೆ ಯಾರಿಗೆ ಧೈರ್ಯ ಉಂಟು, ಸರ್?"

"ಫಾರ್ಮಿಗೆ ವಾಸ ಇರುವವರ ಸಹಿ ಬೇಕಲ್ಲ."

ಮಾವ ಬಾಗಿಲಿನಿಂದ ಪಕ್ಕಕ್ಕೆ ಸರಿದರು. "ಒಳಗೆ ಇದ್ದಾರೆ. ನೀವೇ ಕೇಳಿ."

ಮೇಲ್ವಿಚಾರಕರು ಶೂ ಕಳಚಿದರು. ಒಳಗಿನ ದೀಪವನ್ನು ನೋಡಿದರು, ಫಾರ್ಮನ್ನು ನೋಡಿದರು. ನೂರರ ನೋಟೊಂದನ್ನು ಕಾಣಿಕೆ ಡಬ್ಬಿಗೆ ಹಾಕಿ, ನಿಂತಲ್ಲಿಯೇ ಬರೆದರು: "ಅರ್ಜಿದಾರರು ಇಲ್ಲಿ ವಾಸವಿಲ್ಲ. ವಾಸವಿರುವವರಿಂದ ವಸೂಲಿ ಮಾಡುವ ಅಧಿಕಾರ ಈ ಕಚೇರಿಗಿಲ್ಲ."

ಅಮ್ಮನ ಮನೆ ಉಳಿಯಿತು. ಆ ದಿನ ನಡೆದ ಒಂದೇ ಒಂದು ವಸೂಲಿ, ವಸೂಲಿಗೆ ಬಂದವರ ಜೇಬಿನಿಂದ.

ಓದಿದವರಲ್ಲಿ ಒಂದು ವಿನಂತಿ. ಕುಟುಂಬದ ಮನೆಯ ದಾಖಲೆಯಲ್ಲಿ ಹೆಸರಿದ್ದು, ಇಂಥ ನೋಟಿಸು ಬಂದವರು ಗಡುವಿನೊಳಗೆ ಲಿಖಿತ ತಕರಾರು ಕೊಡಲಿ. ಇದನ್ನು ನಿಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ತಪ್ಪದೆ ಕಳುಹಿಸಿ. ನಮ್ಮದರಲ್ಲೇ ಇನ್ನೂ ಇಪ್ಪತ್ತೈದು ಮಂದಿ ಬಾಕಿ ಇದ್ದಾರೆ.