ಪಟ್ಟಿ ಬರುವ ತನಕ

ನರ್ಸ್ ಕೆಲಸದಲ್ಲಿ ನಗು ಬರುವ ಸಂಗತಿಗಳಿಗೇನೂ ಕೊರತೆಯಿಲ್ಲ. ಕಷ್ಟ ಏನೆಂದರೆ, ಅವೆಲ್ಲ ನಡೆಯುವುದು ನಗಬಾರದ ಹೊತ್ತಿನಲ್ಲೇ.

ಎರಡು ಸಾವಿರದ ಇಸವಿ ಕಳೆದ ಮೇಲೆ ಬಿಡದಿ ಸುತ್ತಮುತ್ತ ರಾಗಿ ಹೊಲಗಳಿದ್ದ ಜಾಗದಲ್ಲಿ ಒಂದಾದ ಮೇಲೊಂದು ಫ್ಯಾಕ್ಟರಿ ಶೆಡ್ಡು ಎದ್ದವು. ಅಂಥದೊಂದು ಶೆಡ್ಡಿನಲ್ಲಿ ಕಾರಿನ ಸೀಟು ಮಾಡುತ್ತಿದ್ದರು. ಅಲ್ಲಿನ ಪ್ರಥಮ ಚಿಕಿತ್ಸೆ ಕೋಣೆಗೆ ನಾನು ನರ್ಸ್. ಒಂದು ಸೋಮವಾರ ಸುದ್ದಿ ಹಬ್ಬಿತು: ಸೀಟು ಜೋಡಿಸುವ ಒಂದು ಲೈನ್ ಮುಚ್ಚುತ್ತಾರಂತೆ, ಜನರನ್ನು ತೆಗೆಯುತ್ತಾರಂತೆ, ಪಟ್ಟಿ ತಯಾರಾಗುತ್ತಿದೆಯಂತೆ. ಆಫೀಸಿನವರು ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಪಟ್ಟಿ ಹೊರಗೆ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ನನ್ನ ಕೋಣೆಯ ಮುಂದೆ ನಿಂತಷ್ಟು ಸಾಲು ಕ್ಯಾಂಟೀನಿನ ಮುಂದೂ ನಿಲ್ಲಲಿಲ್ಲ.

ಬಸ್ಸಿನಲ್ಲಿ ಬಿ.ಪಿ.

ಮೊದಲು ಬಂದವನು ರಾಮನಗರದ ವೆಲ್ಡರ್. ಮೂವತ್ತು ವರ್ಷದ ಗಟ್ಟಿ ಆಳು. ‘ಸಿಸ್ಟರ್, ಎದೆ ಡವಡವ ಅಂತೈತೆ, ಒಸಿ ಬಿ.ಪಿ. ನೋಡಿ’ ಅಂದ. ನೋಡಿದೆ, ಸ್ವಲ್ಪ ಜಾಸ್ತಿ ಇತ್ತು. ಊಟದ ಹೊತ್ತಿಗೆ ಮತ್ತೆ ಬಂದ, ಇನ್ನೂ ಜಾಸ್ತಿ. ಶಿಫ್ಟ್ ಮುಗಿಸಿ ಬಂದ, ಇನ್ನೂ ಏರಿತ್ತು. ನಾಲ್ಕು ದಿನ ಹೀಗೇ ನಡೆಯಿತು.

‘ನೋಡಪ್ಪ, ನಿನ್ನ ಬಿ.ಪಿ. ಏರ್ತಿರೋದೇ ನೋಡಿ ನೋಡಿ. ಶನಿವಾರ ಡಾಕ್ಟ್ರು ಬರ್ತಾರೆ, ಅಲ್ಲೀವರೆಗೆ ಈ ಕಡೆ ತಲೆ ಹಾಕ್ಬೇಡ. ಸಂಜೆ ಒಂದಷ್ಟು ದೂರ ನಡಿ’ ಅಂದೆ.

ಅವನು ನಡೆದ. ನೆಟ್ಟಗೆ ಔಷಧಿ ಅಂಗಡಿಗೆ ನಡೆದು, ಬ್ಯಾಟರಿ ಹಾಕುವ ಬಿ.ಪಿ. ಮೆಷಿನ್ ತಂದ. ಮಾರನೆ ದಿನ ಕಂಪನಿ ಬಸ್ಸಿನಲ್ಲೇ ಕೈಗೆ ಸುತ್ತಿಕೊಂಡು ಕೂತ. ಪಕ್ಕದವನು ‘ನಂದೂ ನೋಡ್ಲಾ’ ಅಂದ. ಹಿಂದಿನವನು ಅಂಗಿಯ ತೋಳು ಮಡಚಿಕೊಂಡು ಎದ್ದು ಬಂದ. ಪಟ್ಟಿಯ ಭಯದಲ್ಲಿದ್ದವರು, ಎಲ್ಲರದೂ ಒಂದಿಷ್ಟು ಮೇಲೇ ಇತ್ತು. ರೈಲ್ವೆ ಗೇಟು ಹಾಕಿ ಬಸ್ಸು ನಿಂತಾಗ ಡ್ರೈವರು ಕೂಡ ಹಿಂದೆ ತಿರುಗಿ ಕೈ ಚಾಚಿದರು.

ಇಡೀ ಬಸ್ಸಿಗೆ ಅವರದೇ ಹೆಚ್ಚು.

ಗೇಟು ತೆಗೆಯಿತು, ಬಸ್ಸು ಹೊರಟಿತು. ವೆಲ್ಡರ್ ಆಮೇಲೆ ನನಗೆ ಹೇಳಿದ: ‘ಅವತ್ತಿಂದ ಬಸ್ಸಲ್ಲಿ ಯಾರೂ ಪಟ್ಟಿ ಮಾತು ಎತ್ತಿಲ್ಲ ಸಿಸ್ಟರ್. ಎಲ್ರಿಗೂ ಫ್ಯಾಕ್ಟ್ರಿ ತಲುಪಿದ್ರೆ ಸಾಕಾಗೈತೆ.’

ಒಂದರಿಂದ ಹತ್ತು

ಕನಕಪುರದ ಸೂಪರ್‌ವೈಸರ್ ಒಬ್ಬರಿದ್ದರು. ಹತ್ತು ಮಾತಿಗೆ ಒಂದು ಮಾತು ಆಡುವ ಸಾಧು ಮನುಷ್ಯ. ಯಾರ ಹೆಸರು ಬರೆಯಬೇಕು ಅಂತ ಮೇಲಿನವರು ಅವರನ್ನು ಕೇಳುತ್ತಿದ್ದಾರೆ ಎಂಬ ಗುಮಾನಿ ಎಲ್ಲರಿಗೂ ಇತ್ತು. ಅವರಿಗೋ ತಮ್ಮ ಹೆಸರೇ ಇದೆಯೇನೋ ಎಂಬ ಗುಮಾನಿ. ಎರಡನೇ ವಾರಕ್ಕೆ ಅವರು ಕೂಗಾಡಲು ಶುರು ಮಾಡಿದರು. ಸ್ಕ್ರೂ ಬಿದ್ದರೆ ಕೂಗು, ಕೆಮ್ಮಿದರೆ ಕೂಗು.

ಅವರ ಹೆಂಡತಿ ನನಗೆ ಫೋನ್ ಮಾಡಿದರು. ‘ಸಿಸ್ಟರ್, ನಮ್ಮನೆಯೋರು ಮನೇಲಿ ಬಾಯೇ ಬಿಡಾಕಿಲ್ಲ. ಗೋಡೆ ನೋಡ್ಕಂಡು ಕುಂತಿರ್ತಾರೆ. ಅಲ್ಲಾದ್ರೂ ಒಸಿ ಮಾತಾಡ್ತಾರಾ?’

‘ಆಡ್ತಾರಮ್ಮ, ಮೂರು ಶೆಡ್ಡಿಗೆ ಕೇಳೋ ಹಂಗೆ ಆಡ್ತಾರೆ.’

ಸೂಪರ್‌ವೈಸರನ್ನು ಕರೆದು ಕೂರಿಸಿ ನೀರು ಕೊಟ್ಟೆ. ಕೂತವರೇ ಕಣ್ಣು ಒರೆಸಿಕೊಂಡರು. ‘ನಾನು ಇಂಥೋನಲ್ಲ ಕಣಮ್ಮ’ ಅಂದರು. ‘ಸಿಟ್ಟು ಬಂದಾಗ ಒಂದರಿಂದ ಹತ್ತರವರೆಗೆ ಎಣಿಸಿ ಸಾರ್, ಆಮೇಲೆ ಬಾಯಿ ತೆಗೀರಿ. ಮನೇಲಿ ನಿಮ್ಮ ಹೆಂಡ್ತಿ ಹತ್ರ ಇರೋದನ್ನ ಇದ್ದ ಹಾಗೆ ಹೇಳ್ಕೊಳ್ಳಿ’ ಅಂದೆ. ತಲೆಯಾಡಿಸಿ ಹೋದರು.

ಮನಸ್ಸಿನಲ್ಲಿ ಎಣಿಸಬೇಕು ಅನ್ನುವುದನ್ನು ಹೇಳಲು ನಾನು ಮರೆತಿದ್ದೆ.

ಎರಡು ದಿನ ಬಿಟ್ಟು ಬಂದರು. ಮುಖ ತಿಳಿಯಾಗಿತ್ತು. ಹೆಂಡತಿಯ ಹತ್ತಿರ ಎಲ್ಲ ಹೇಳಿಕೊಂಡರಂತೆ, ನಿದ್ದೆ ಬಂತಂತೆ. ‘ಮತ್ತೆ ಲೈನಲ್ಲಿ ಹೇಗಿದೆ ಸಾರ್, ಎಣಿಸ್ತಿದೀರಾ?’

‘ಎಣಿಸ್ತೀನಿ ಸಿಸ್ಟರ್. ಆದ್ರೆ ನಾನು ಏಳು ಅನ್ನೋ ಹೊತ್ಗೆ ಬಯ್ಯಾಕೆ ಒಬ್ನೂ ಅಲ್ಲಿರಾಕಿಲ್ಲ.’

ತೂರಾಡುವ ಬುಗುರಿ

ಇದನ್ನು ನೆನೆದರೆ ನಗುವ ಮೊದಲು ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಪ್ರೆಸ್ ಮೆಷಿನ್ ನಡೆಸುವ ಮಾಗಡಿಯವನೊಬ್ಬ ಪಟ್ಟಿಯ ಸುದ್ದಿ ಬಂದಂದಿನಿಂದ ಕುಡಿಯಲು ಹತ್ತಿದ್ದ. ಮೊದಲು ಸಂಜೆ ಮಾತ್ರ, ಆಮೇಲೆ ಕೆಲಸಕ್ಕೆ ಬರುವ ಮುಂಚೆಯೂ. ಒಂದು ಬೆಳಿಗ್ಗೆ ಅವನ ಬೆರಳು ಪ್ರೆಸ್ಸಿನ ಅಚ್ಚಿನ ಕೆಳಗಿತ್ತು, ಮೆಷಿನ್ ಇಳಿಯುತ್ತಿತ್ತು. ಪಕ್ಕದಲ್ಲೇ ಹೋಗುತ್ತಿದ್ದ ಪ್ಯಾಕಿಂಗ್ ವಿಭಾಗದ ಹಿರಿಯರೊಬ್ಬರು, ಎಲ್ಲರೂ ಭಾಯ್ ಅಂತ ಕರೆಯುತ್ತಿದ್ದವರು, ಅವನ ಕಾಲರ್ ಹಿಡಿದು ಹಿಂದಕ್ಕೆ ಎಳೆದರು. ಉಗುರು ಮಾತ್ರ ಹೋಯಿತು.

ನಾನು ಬ್ಯಾಂಡೇಜ್ ಕಟ್ಟುತ್ತಿದ್ದೆ. ‘ಕುಡೀದೆ ಇದ್ರೆ ತಲೇಲಿ ಪಟ್ಟೀನೇ ಓಡ್ತದೆ ಸಿಸ್ಟರ್’ ಅಂದ. ಡಾಕ್ಟರ ಹತ್ತಿರ ಕಳಿಸುವ ಚೀಟಿ ಬರೆದೆ.

ಭಾಯ್ ಬಾಗಿಲಲ್ಲೇ ನಿಂತಿದ್ದರು. ಚನ್ನಪಟ್ಟಣದವರು, ಅಪ್ಪನ ಕಾಲದಿಂದ ಮನೆಯಲ್ಲಿ ಬೊಂಬೆ ಮಾಡುವ ಲೇತ್ ಇತ್ತು. ‘ನಂಗೂ ಭಯ ಐತೆ ಮಗಾ’ ಅಂದರು, ‘ನಾನೂ ಮನೆಗೆ ಹೋಗಿ ಮರ ಕೊರೀತೀನಿ. ಡಾಕ್ಟ್ರನ್ನ ನೋಡ್ಕಂಡು ಸೀದಾ ನಮ್ಮನೆಗೆ ಬಾ. ಆದ್ರೆ ಕುಡಿದು ಬಂದ್ರೆ ಲೇತ್ ಮುಟ್ಟೋ ಹಂಗಿಲ್ಲ.’

ಅವನು ಹೋದ. ಸಂಜೆ ಸಂಜೆ ಅಲ್ಲೇ ಕೂತು ಬುಗುರಿ ಮಾಡುವುದನ್ನು ಕಲಿತ. ವಾರ ಕಳೆದ ಮೇಲೆ ನನ್ನ ಮೇಜಿನ ಮೇಲೆ ಎರಡು ಬುಗುರಿ ತಂದಿಟ್ಟ. ಒಂದನ್ನು ತಿರುಗಿಸಿದ, ನೆಟ್ಟಗೆ ನಿಂತು ತಿರುಗಿತು. ಇನ್ನೊಂದು ಅತ್ತ ವಾಲಿ ಇತ್ತ ವಾಲಿ ನೆಲಕ್ಕೆ ಬಿತ್ತು.

‘ಇದ್ಯಾಕೆ ಹೀಗೆ?’ ಅಂದೆ.

ಅವನು ತಲೆ ತಗ್ಗಿಸಿದ. ‘ಅದು ಮಂಗಳವಾರದ್ದು ಸಿಸ್ಟರ್. ಅವತ್ತು ಒಂದು ಕ್ವಾರ್ಟರ್ ಹಾಕ್ಕಂಡು, ಭಾಯ್‌ಗೆ ಗೊತ್ತಾಗ್ದಂಗೆ ಮಾಡ್ಬುಟ್ಟೆ.’

ಭಾಯ್ ಹಿಂದಿನಿಂದ ಅಂದರು: ‘ನಂಗೆ ಗೊತ್ತಾಗ್ದೇ ಇದ್ರೂ ಬುಗುರಿಗೆ ಗೊತ್ತಾಗೈತೆ.’

ನನ್ನ ಡಬ್ಬಿಗಳು

ಹೀಗೆ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ನಾನು ಮನೆಗೆ ಹೋಗಿ ಅಡುಗೆಮನೆಯ ಸ್ಟೀಲ್ ಡಬ್ಬಿಗಳನ್ನು ಇಳಿಸಿ ತೊಳೆಯುತ್ತಿದ್ದೆ. ನನ್ನ ಹೆಸರೂ ಇದ್ದರೆ? ಈ ಪ್ರಶ್ನೆ ಬಂದಾಗಲೆಲ್ಲ ಇನ್ನೊಂದು ಡಬ್ಬಿ. ಮಗಳು ಏನಾದರೂ ಕೇಳಿದರೆ ಸಿಡುಕುತ್ತಿದ್ದೆ. ಒಂದು ದಿನ ಅತ್ತೆ ನನ್ನ ಕೈಯಿಂದ ನಾರು ಕಿತ್ತುಕೊಂಡರು.

‘ಇದು ಏನು ಖಾಯಿಲೆನೇ ತಾಯಿ? ಬೇಳೆ ಡಬ್ಬೀಲಿ ಬೇಳೆ ಐತೆ, ಅದ್ರ ಸಮೇತ ತೊಳೆದಿದ್ದೀಯ!’

ಅವತ್ತು ಅವರ ಮುಂದೆ ಕೂತು ಅತ್ತುಬಿಟ್ಟೆ. ತೊಗರಿಬೇಳೆ ನೆಂದಿತ್ತಲ್ಲ, ಮಾರನೆ ದಿನ ಎಲ್ಲರಿಗೂ ಒಬ್ಬಟ್ಟಾಯಿತು.

ಗಾಳಿ

ಕೊನೆಗೂ ಆ ಶುಕ್ರವಾರ ಬಂತು. ಹನ್ನೊಂದು ಗಂಟೆಗೆ ಎಲ್ಲರೂ ಅಂಗಳದಲ್ಲಿ ಸೇರಬೇಕು, ಎಚ್.ಆರ್. ಸಾಹೇಬರು ಪಟ್ಟಿ ಓದುತ್ತಾರೆ ಅಂತ ಬೋರ್ಡು ಹಾಕಿದರು. ಮೆಷಿನ್ ನಿಂತವು. ಒಬ್ಬರು ದೇವರ ಹೆಸರು ಹೇಳುತ್ತಿದ್ದರು, ಇನ್ನೊಬ್ಬರು ತಮ್ಮ ಅಂಗಿಯ ಅಂಚಿನ ದಾರ ಕೀಳುತ್ತಿದ್ದರು.

ಸಾಹೇಬರು ಆಫೀಸಿನಿಂದ ಹೊರಬಂದರು. ಕೈಯಲ್ಲಿ ಮಡಚಿದ ಹಾಳೆ. ಮೂರು ಮೆಟ್ಟಿಲು ಇಳಿದರು, ನಾಲ್ಕನೆಯದಕ್ಕೆ ಕಾಲಿಡುವಾಗ ಕಣ್ಣು ಮೇಲಾಗಿ ಕುಸಿದುಬಿಟ್ಟರು. ಮೂರು ವಾರದಿಂದ ಬರೀ ಕಾಫಿ ಕುಡಿದುಕೊಂಡು, ಯಾರ ಹತ್ತಿರವೂ ಬಾಯಿ ಬಿಡದೆ ಇದ್ದವರು ಅವರೊಬ್ಬರೇ ಅಂತ ಆಮೇಲೆ ಗೊತ್ತಾಯಿತು.

ನಾನು ಓಡಿದೆ. ಕಾಲು ಎತ್ತಿ ಹಿಡಿಸಿ, ಕಾಲರ್ ಸಡಿಲ ಮಾಡಿ, ‘ಗಾಳಿ ಬಿಡಿ, ಗಾಳಿ!’ ಅಂದೆ. ಪಕ್ಕದಲ್ಲಿದ್ದ ಕುದೂರಿನ ಫೋರ್ಕ್‌ಲಿಫ್ಟ್ ಡ್ರೈವರ್ ನೆಲಕ್ಕೆ ಬಿದ್ದಿದ್ದ ಹಾಳೆ ಎತ್ತಿಕೊಂಡು ಬೀಸತೊಡಗಿದ. ಅಷ್ಟು ಜನರ ಕಣ್ಣೂ ಆ ಹಾಳೆಯ ಜೊತೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಯಾರೂ ಕಿತ್ತುಕೊಳ್ಳಲಿಲ್ಲ. ಎಲ್ಲರಿಗಿಂತ ಜೋರಾಗಿ ಅವನೇ ಕೂಗಿದ: ‘ಸಾರ್, ಏಳಿ ಸಾರ್! ನೀವು ಏಳ್ದೆ ಇದ್ರೆ ಪಟ್ಟಿ ಓದೋರ್ಯಾರು?’

ಸಾಹೇಬರು ಕಣ್ಣು ಬಿಟ್ಟರು. ಸಕ್ಕರೆ ನೀರು ಕುಡಿಸಿದೆ. ಕೂತಲ್ಲಿಂದಲೇ ಹಾಳೆ ಕೇಳಿ ತೆಗೆದುಕೊಂಡು ಓದಿದರು. ಯಾರ ಕೆಲಸವೂ ಹೋಗಿರಲಿಲ್ಲ. ಹನ್ನೊಂದು ಜನರನ್ನು ಮಾತ್ರ ಹಾರೋಹಳ್ಳಿ ಕಡೆಯ ಇನ್ನೊಂದು ಶೆಡ್ಡಿಗೆ ಹಾಕಿದ್ದರು. ಮೂರು ವಾರದ ಉಸಿರು ಒಂದೇ ಸಲ ಹೊರಬಿತ್ತು. ಕೆಲವರು ಅತ್ತರು.

ಹನ್ನೊಂದರಲ್ಲಿ ಮೊದಲ ಹೆಸರು ಸಾಹೇಬರದೇ. ಎರಡನೆಯದು ಫೋರ್ಕ್‌ಲಿಫ್ಟ್ ಡ್ರೈವರನದು. ಕುದೂರೆಲ್ಲಿ, ಹಾರೋಹಳ್ಳಿಯೆಲ್ಲಿ! ಅವನು ಸಾಹೇಬರ ಕೈಯಲ್ಲಿದ್ದ ಹಾಳೆಯನ್ನೇ ನೋಡುತ್ತ ಅಂದ:

‘ಸಾರ್, ಅದ್ರಲ್ಲಿ ನನ್ನ ಹೆಸ್ರು ಐತೆ ಅಂತ ಗೊತ್ತಿದ್ದಿದ್ರೆ, ಇನ್ನೂ ಒಸಿ ಜೋರಾಗಿ ಬೀಸ್ತಿದ್ದೆ. ಹೆಸ್ರು ಗಾಳೀಲಿ ಹಾರಾದ್ರೂ ಹೋಗ್ತಿತ್ತೇನೋ!’