ಅವಸರದಯ್ಯ, ನಿಧಾನಯ್ಯ ಮತ್ತು ನಮ್ಮ ಮಾವ

ನಮ್ಮ ಸೋದರಮಾವನಿಗೆ ಗೊತ್ತಿರುವುದು ಒಬ್ಬನೇ ಒಬ್ಬ ಸಂಗೀತಗಾರ. ಅವನೂ ನಮ್ಮ ಕಡೆಯವನಲ್ಲ, ಜರ್ಮನಿಯವನು. ತೀರಿಕೊಂಡು ಎಷ್ಟೋ ಕಾಲವಾಯಿತು. ಅವನು ಬರೆದ ಸಿಂಫನಿಗಳು ಒಂಬತ್ತು. ಆ ಒಂಬತ್ತನ್ನೂ ನಮ್ಮ ಮಾವ ಏಳು ಸಲ ಕೊಂಡುಕೊಂಡಿದ್ದಾರೆ!

ಕಳೆದುಹೋಗಿತ್ತೇ? ಇಲ್ಲ. ಕೆಟ್ಟುಹೋಗಿತ್ತೇ? ಅದೂ ಇಲ್ಲ. ಮೊದಲು ತಂದ ರೆಕಾರ್ಡುಗಳು ಇವತ್ತಿಗೂ ಬದನವಾಳಿನ ಖಾದಿ ಬಟ್ಟೆಯಲ್ಲಿ ಸುತ್ತಿಸಿಕೊಂಡು ಬೀರುವಿನಲ್ಲಿ ಸುಖವಾಗಿ ಮಲಗಿವೆ. ಅವಕ್ಕೆ ಜಾಗ ಬಿಟ್ಟುಕೊಟ್ಟು ನಮ್ಮ ಅತ್ತೆಯ ರೇಷ್ಮೆ ಸೀರೆಗಳು ಮಂಚದ ಕೆಳಗಿನ ಟ್ರಂಕಿಗೆ ಹೋಗಿವೆ. ಹಾಗಾದರೆ ಏಳು ಸಲ ಯಾಕೆ ಅಂತೀರಾ? ಸಿಂಫನಿ ಎಂದರೆ ಪಿಟೀಲು, ಕೊಳಲು, ಕಹಳೆ, ನಗಾರಿ ಎಲ್ಲ ಸೇರಿ ನುಡಿಸುವ ದೊಡ್ಡ ಕೃತಿ. ಅಷ್ಟು ಜನರ ಎದುರು ಒಬ್ಬ ಸಣ್ಣ ಕೋಲು ಹಿಡಿದು ನಿಂತು ಎಲ್ಲರನ್ನೂ ನಡೆಸುತ್ತಾನೆ. ಆ ಕೋಲಿನವನು ಬದಲಾದರೆ ಕೃತಿಯ ನಡಿಗೆಯೇ ಬದಲಾಗುತ್ತದೆ ಅನ್ನುವುದು ಮಾವನ ವಾದ.

ನಂಜನಗೂಡಿನಲ್ಲಿ ಹಿಂಡಿ, ಬೂಸಾ ಮಾರುವ ಮನುಷ್ಯನಿಗೆ ಈ ಹುಚ್ಚು ಹಿಡಿದದ್ದು ಹೇಗೆ? ಅದೂ ಒಂದು ಕಥೆಯೇ. ಹೊಸದಾಗಿ ಮದುವೆಯಾದಾಗ ಮಾವ ಮೈಸೂರಿಗೆ ಹೋಗಿ ವಚನಗಾಯನದ ರೆಕಾರ್ಡು ತಂದರಂತೆ. ಮನೆಮಂದಿಯೆಲ್ಲ ಕೈಕಾಲು ತೊಳೆದುಕೊಂಡು, ವಿಭೂತಿ ಇಟ್ಟುಕೊಂಡು ಭಕ್ತಿಯಿಂದ ಕೂತರು. ಮುಳ್ಳು ಇಟ್ಟರೆ ಢಂ ಎಂದು ನಗಾರಿ! ಅಂಗಡಿಯವನು ಕವರು ಅದಲು ಬದಲು ಮಾಡಿದ್ದ. ಮನೆಯ ಹಿರಿಯರಿಗೆ ಕೋಪ ಬಂತು, ಪಕ್ಕದ ಮನೆಯ ಮಗು ಹೆದರಿ ಅತ್ತಿತು. ಮಾರನೆಯ ದಿನವೇ ಮಾವ ಆ ರೆಕಾರ್ಡನ್ನು ಕಂಕುಳಲ್ಲಿ ಹಿಡಿದು ದುಮುದುಮು ಎನ್ನುತ್ತಾ ಮೈಸೂರಿನ ಬಸ್ಸು ಹತ್ತಿದರು. ಸಾಹುಕಾರರು ಜಗಳಕ್ಕೆ ಬಂದರೆಂದು ಅಂಗಡಿಯವನು ಕೈಮುಗಿದು ನಿಂತ. ಮಾವ ಕೇಳಿದ್ದು ಒಂದೇ ಮಾತು.

"ಇದ್ರ ಮಿಕ್ಕಿದ್ದು ಎಲ್ಲೈತೆ?"

ಅವತ್ತಿನಿಂದ ಇವತ್ತಿನವರೆಗೆ ಮಿಕ್ಕಿದ್ದು ಬರುತ್ತಲೇ ಇದೆ. ಮೊದಲು ರೆಕಾರ್ಡು, ಆಮೇಲೆ ಕ್ಯಾಸೆಟ್ಟು, ಆಮೇಲೆ ಸೀಡಿ. ಈಗ ಎಲ್ಲವನ್ನೂ ನಾನೇ ಅವರ ಫೋನಿಗೆ ತುಂಬಿಸಿ, ಒಂದು ಸಣ್ಣ ಸ್ಪೀಕರು ಕೊಡಿಸಿದ್ದೇನೆ. ಕೋಲಿನವರ ಹೆಸರುಗಳು ಮಾವನ ನಾಲಿಗೆಯಲ್ಲಿ ಹೊರಳುವುದಿಲ್ಲ. ಅದಕ್ಕೆ ಅವರೇ ನಾಮಕರಣ ಮಾಡಿಬಿಟ್ಟಿದ್ದಾರೆ. ಬಿರುಸಾಗಿ ನುಡಿಸುವವನು ಅವಸರದಯ್ಯ. ಎಳೆದೆಳೆದು ನುಡಿಸುವವನು ನಿಧಾನಯ್ಯ. ಸಭೆಯವರ ಕೆಮ್ಮೆಲ್ಲ ಕೇಳಿಸುವ ರೆಕಾರ್ಡಿನವನು ಕೆಮ್ಮಿನಪ್ಪ, ಪಾಪ, ಕೆಮ್ಮಿದ್ದು ಅವನಲ್ಲದಿದ್ದರೂ! ಇನ್ನು ವಿಮರ್ಶೆಯೆಲ್ಲ ಅಂಗಡಿಯ ಭಾಷೆಯಲ್ಲೇ. "ಇದು ಒಳ್ಳೆ ಕಡ್ಲೆಕಾಯಿ ಹಿಂಡಿ ಕಣವ್ವ, ಗಟ್ಟಿ ಮಾಲು. ಅದು ಬರೀ ಹೊಟ್ಟು. ತೂಕ ಐತೆ, ಸತ್ವ ಇಲ್ಲ."

"ಅದೇ ಹಾಡನ್ನ ಎಷ್ಟು ಸಲ ತತ್ತೀರಿ?" ಎಂದು ಅತ್ತೆ ಒಮ್ಮೆ ಜಗಳ ತೆಗೆದರು.

"ಸಾರೂ ಅದೇ ಬೇಳೆ, ಅದೇ ಹುಣಸೆಹಣ್ಣು. ಹಂಗಂತ ನಿನ್ ಸಾರೂ ನಮ್ಮವ್ವನ ಸಾರೂ ಒಂದೇಯಾ?" ಎಂದು ಮಾವ ಗೆದ್ದವರಂತೆ ಎದೆಯುಬ್ಬಿಸಿದರು.

"ಯಾವ್ದು ಚೆನ್ನಾಗಿರತ್ತೆ? ಅದನ್ನ ಹೇಳಿ."

ಮಾವ ಎದ್ದು ಅಂಗಡಿಗೆ ಹೊರಟುಹೋದರು. ವಿಮರ್ಶಕರಿಗೂ ಪ್ರಾಣಭಯ ಇರುತ್ತದಲ್ಲ!

ಮನೆಗೆ ಬಂದವರಿಗೆ ಕಾಫಿಗಿಂತ ಮುಂಚೆ ಪರೀಕ್ಷೆ. ಒಂದೇ ಭಾಗವನ್ನು ಇಬ್ಬರು ಕೋಲಿನವರಿಂದ ಕೇಳಿಸಿ, ಯಾವುದು ಒಳ್ಳೆಯದು ಹೇಳಿ ಎನ್ನುವುದು. ನೆಂಟರು ತಬ್ಬಿಬ್ಬಾಗಿ ಏನೋ ಹೇಳಿ ಬೈಸಿಕೊಳ್ಳುತ್ತಾರೆ. ಕರೆಂಟು ಮೀಟರು ನೋಡಲು ಬರುವವನು ಮಾತ್ರ ಪ್ರತಿ ತಿಂಗಳೂ ಗಂಭೀರವಾಗಿ ತಲೆಯಾಡಿಸಿ, "ಎರಡ್ನೇದು ಸಾ" ಎನ್ನುತ್ತಾನೆ. ಅವನ ರುಚಿಯ ಬಗ್ಗೆ ಮಾವನಿಗೆ ಅಪಾರ ಗೌರವ. ನಾನು ಗೇಟಿನ ಹತ್ತಿರ ಅವನನ್ನು ಹಿಡಿದು ಗುಟ್ಟೇನು ಎಂದು ಕೇಳಿದೆ. "ಎರಡ್ನೇದು ಮುಗಿಯೋ ಹೊತ್ಗೆ ಕಾಫಿ ಬತ್ತದೆ ಕಣಕ್ಕಾ" ಎಂದ.

ಇಂಥ ಮಾವನಿಗೆ ಲೋಕದಲ್ಲಿ ಸರಿಜೋಡಿ ಒಬ್ಬರೇ, ದನದ ಡಾಕ್ಟರು. ನಂಜನಗೂಡಿನ ಪಶು ಆಸ್ಪತ್ರೆಗೆ ವರ್ಗವಾಗಿ ಬಂದ ಹೊಸದರಲ್ಲಿ ಅವರು ಒಂದು ದಿನ ಅಂಗಡಿಯ ಮುಂದೆ ಹೋಗುತ್ತಿದ್ದರಂತೆ. ಬೂಸಾ ಮೂಟೆಗಳ ಹಿಂದಿನಿಂದ ಪಿಟೀಲುಗಳ ದನಿ ಕೇಳಿ ಗಕ್ಕನೆ ನಿಂತರು. ಒಳಗೆ ಬಂದು, "ಏಳನೇ ಸಿಂಫನಿ ಅಲ್ವೇನ್ರಿ ಇದು? ಚೆನ್ನಾಗಿದೆ. ಆದ್ರೆ ಯಾಕೆ ಹಿಂಗೆ ಓಡ್ತಿದೆ? ನಾಯಿ ಅಟ್ಟಿಸ್ಕೊಂಡು ಬಂದಿದ್ಯಾ?" ಎಂದರು.

ಮಾವನಿಗೆ ಮೈ ಉರಿಯಿತು. ಆದರೆ ಈ ಊರಿನಲ್ಲಿ ಆ ಕೃತಿಯ ನಂಬರು ಹೇಳಿದ ಮೊದಲ ಮನುಷ್ಯ! ಬೈಯುವ ಬದಲು ಕುರ್ಚಿ ಒರೆಸಿ ಕೂರಿಸಿದರು. ಅಲ್ಲಿಂದ ಶುರುವಾದ ಸ್ನೇಹ ಡಾಕ್ಟರು ನಿವೃತ್ತರಾಗಿ ಹುಟ್ಟೂರಾದ ಟಿ. ನರಸೀಪುರಕ್ಕೆ ಹೋದ ಮೇಲೂ ಬೆಳೆಯಿತು. ಸ್ನೇಹ ಎಂದರೆ ಜಗಳ. ಏಳನೆಯ ಸಿಂಫನಿಯ ಎರಡನೆಯ ಭಾಗದಲ್ಲಿ 'ಧೀಂ ತಕ ಧೀಂ ಧೀಂ' ಎಂದು ಒಂದೇ ಲಯ ಮೊದಲಿನಿಂದ ಕೊನೆಯವರೆಗೂ ನಡೆದುಕೊಂಡು ಹೋಗುತ್ತದೆ. ಅದು ಅವಸರದಯ್ಯನಂತೆ ನಡೆಯಬೇಕೆಂದು ಮಾವ, ನಿಧಾನಯ್ಯನಂತೆ ನಡೆಯಬೇಕೆಂದು ಡಾಕ್ಟರು. ಇಬ್ಬರೂ ಜರ್ಮನಿಯನ್ನು ನಕ್ಷೆಯಲ್ಲಿ ಬಿಟ್ಟು ಬೇರೆಲ್ಲೂ ಕಂಡವರಲ್ಲ. ಆದರೂ ಬರೆದವನು ಇವರ ಕಿವಿಯಲ್ಲಿ ಗುಟ್ಟು ಹೇಳಿಹೋದವನಂತೆ ವಾದ!

ಹೋದ ವರ್ಷ ಇದನ್ನು ಒಂದೇ ಸಲಕ್ಕೆ ತೀರ್ಮಾನ ಮಾಡಿಬಿಡೋಣ ಎಂದು ಡಾಕ್ಟರ ಮನೆಯಲ್ಲಿ ಸಭೆ ಸೇರಿತು. ಮಾವ ರಸಬಾಳೆ ಚಿಪ್ಪು ಹಿಡಿದುಕೊಂಡು ನನ್ನ ಸ್ಕೂಟರಿನ ಹಿಂದೆ ಕೂತರು. ನಾನೇ ತೀರ್ಪುಗಾರ್ತಿ. ಎರಡನ್ನೂ ಕೇಳಿಸಿದರು. ಇಬ್ಬರೂ ಮಂಡಿಯ ಮೇಲೆ ಕೈಯೂರಿ ನನ್ನ ಮುಖವನ್ನೇ ನೋಡಿದರು. ನಾನು ಜಾಣತನ ಮಾಡಲು ಹೋಗಿ, "ಎರಡೂ ಚೆನ್ನಾಗಿವೆ" ಎಂದೆ. ಅಷ್ಟು ಕೆಟ್ಟ ಉತ್ತರವನ್ನು ಮೀಟರಿನವನೂ ಕೊಟ್ಟಿರಲಿಲ್ಲ! ನನ್ನನ್ನು ಬದಿಗೆ ಸರಿಸಿ ಇಬ್ಬರೂ ನೇರವಾಗಿ ಯುದ್ಧಕ್ಕೆ ಇಳಿದರು.

"ನಿಮ್ಮೋನಿಗೆ ಬಸ್ ಹಿಡಿಯೋ ಗಡಿಬಿಡಿ, ಸಾವ್ಕಾರ್ರೇ. ಅದು ಸಂಗೀತ ಅಲ್ಲ" ಎಂದರು ಡಾಕ್ಟರು.

"ನಿಮ್ಮೋನು ಹೆಣ ಹೊತ್ಕೊಂಡು ಹೋಗ್ತಾವ್ನೆ ಡಾಕ್ಟ್ರೇ. ಅದೂ ಸಂಗೀತ ಅಲ್ಲ" ಎಂದರು ಮಾವ.

ಡಾಕ್ಟರ ಮುಖ ಕೆಂಪಾಯಿತು. "ಹಾಗಾದ್ರೆ ಇಷ್ಟು ವರ್ಷ ನಾನು ಹೆಣದ ಹಿಂದೆ ನಡ್ಕೊಂಡು ಬಂದೋನಾ? ಇನ್ಮೇಲೆ ನನ್ನ ಜೊತೆ ಸಂಗೀತದ ಮಾತು ಬೇಡ" ಎಂದರು.

ಮಾವ ಎದ್ದರು. ಚಪ್ಪಲಿ ಮೆಟ್ಟಿದರು. ಬಾಗಿಲವರೆಗೆ ಹೋದವರು ತಿರುಗಿ ಬಂದರು. ಕ್ಷಮೆ ಕೇಳುತ್ತಾರೆ ಎಂದುಕೊಂಡೆ. ಅಡುಗೆಮನೆಗೆ ಹೋಗಿ, ಡಾಕ್ಟರ ಹೆಂಡತಿಯ ಕೈಯಿಂದಲೇ ರಸಬಾಳೆ ಚಿಪ್ಪನ್ನು ಇಸಿದುಕೊಂಡು ಬಂದು ಸ್ಕೂಟರು ಹತ್ತಿದರು!

ಅದಾದ ಮೇಲೆ ತಿಂಗಳುಗಟ್ಟಲೆ ಮಾತಿಲ್ಲ. ಫೋನು ಬಡಿದುಕೊಂಡಾಗಲೆಲ್ಲ ಮಾವ ಹಾರಿ ಹೋಗಿ ನೋಡುವರು, ಯಾರೋ ಬೂಸಾ ಬೆಲೆ ಕೇಳುವವರು. "ಅವ್ರಿಗೇ ಬೇಡ ಅಂದ್ಮೇಲೆ ನಂಗ್ಯಾಕೆ?" ಎಂದು ಯಾರೂ ಕೇಳದಿದ್ದರೂ ಹೇಳುವರು.

ಒಂದು ದಿನ ಡಾಕ್ಟರ ಹೆಂಡತಿ ಅತ್ತೆಗೆ ಫೋನು ಮಾಡಿದರು. ಡಾಕ್ಟರಿಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಎರಡೂ ಹಿಡಿತಕ್ಕೆ ಬರುತ್ತಿಲ್ಲ, ಮಾತು ತೊದಲುತ್ತದೆ. ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದರು. ನಡೆಸುವ ಅಭ್ಯಾಸ ಮಾಡಿಸಲು ಒಬ್ಬಳು ಹುಡುಗಿ ಬರುತ್ತಾಳೆ, ಆದರೆ ಇವರು ಗೋಡೆಯ ಕಡೆ ತಿರುಗಿ ಮಲಗಿದವರು ಯಾರ ಮಾತಿಗೂ ಏಳುತ್ತಿಲ್ಲ. "ಈಗಲೇ ನಡೆಸದಿದ್ರೆ ಕಾಲು ಹಂಗೇ ಉಳ್ಕೊಂಡ್ಬಿಡತ್ತಂತೆ" ಎಂದು ಅವರು ಅತ್ತರಂತೆ.

ಸುದ್ದಿ ಕೇಳಿದ ಮಾವ ಅಂಗಡಿಗೆ ಹೋಗಿ ಕೂತರು. ಸ್ಪೀಕರು ಹಚ್ಚಲಿಲ್ಲ. ಹತ್ತಿರದ ಹೆಡತಲೆ ಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದ ರೈತನೊಬ್ಬ, "ಯಾಕ್ ಸಾ, ಇವತ್ತು ಆಡಿಲ್ವಾ? ಅದ್ ಕೇಳ್ದೆ ನಮ್ಮೆತ್ತು ನಿಂತ್ಕೊಳಾಕಿಲ್ಲ ಅಂತದೆ" ಎಂದ. ಬೇರೆ ದಿನವಾಗಿದ್ದರೆ ಈ ಮಾತನ್ನು ಊರೆಲ್ಲ ಡಂಗುರ ಸಾರುತ್ತಿದ್ದ ಮಾವ, ಅವತ್ತು ಅರ್ಧ ಬಾಗಿಲು ಎಳೆದು ಮನೆಗೆ ಬಂದರು. ತಟ್ಟೆಯ ಮುಂದೆ ಕೂತು ಮುದ್ದೆಯನ್ನು ಬರೀ ಬೆರಳಿನಲ್ಲಿ ಒತ್ತುತ್ತಿದ್ದರು. ಸಾರು ಆರಿಹೋಯಿತು.

"ಹೆಣ ಅಂದ್ಬಿಟ್ನಲ್ಲೇ" ಎಂದರು ಅತ್ತೆಗೆ.

ಮಾರನೆಯ ಬೆಳಿಗ್ಗೆ ನನಗೆ ಫೋನು. "ಸ್ಕೂಟ್ರು ತತ್ತೀಯೇನವ್ವ?"

ನಾವು ಹೋದಾಗ ಡಾಕ್ಟರು ಗೋಡೆ ನೋಡಿಕೊಂಡೇ ಮಲಗಿದ್ದರು. ಮಾವನ ದನಿ ಕೇಳಿದರೂ ತಿರುಗಲಿಲ್ಲ. ಅಭ್ಯಾಸ ಮಾಡಿಸುವ ಹುಡುಗಿ ಕಿಟಕಿಯ ಹತ್ತಿರ ಕೈಕಟ್ಟಿ ನಿಂತಿದ್ದಳು. "ಒನ್ ಟೂ ಅಂತ ಎಣಿಸಿದ್ರೆ ಕೋಪ ಮಾಡ್ಕೋತಾರೆ ಸರ್" ಎಂದಳು.

"ಒಂದು ಹೆಜ್ಜೆಗೂ ಇನ್ನೊಂದು ಹೆಜ್ಜೆಗೂ ಎಷ್ಟು ಬಿಡುವು ಇರ್ಬೇಕವ್ವ? ಚಪ್ಪಾಳೆ ತಟ್ಟಿ ತೋರ್ಸು."

ಅವಳು ತಟ್ಟಿದಳು. ಒಂದು. ತಡೆದು, ಇನ್ನೊಂದು. ಮಾವ ಕಣ್ಣು ಮುಚ್ಚಿ ಕೇಳಿದರು. ತಲೆಯೊಳಗೆ ಏಳೂ ಜನ ಕೋಲಿನವರನ್ನು ಸಾಲಾಗಿ ನಿಲ್ಲಿಸಿ ನೋಡುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಆಮೇಲೆ ಕಣ್ಣು ಬಿಟ್ಟು, ಸೋತವರಂತೆ ನಕ್ಕರು. ಫೋನಿನಲ್ಲಿ ನಿಧಾನಯ್ಯನನ್ನು ಹುಡುಕಿ ಹಚ್ಚಿದರು.

ಧೀಂ... ತಕ... ಧೀಂ... ಧೀಂ...

ಮಾವ ಹಾಸಿಗೆಯ ಪಕ್ಕಕ್ಕೆ ಹೋಗಿ ಬಗ್ಗಿದರು. "ಡಾಕ್ಟ್ರೇ, ಆವತ್ತು ನಾನಂದಿದ್ದು ತಪ್ಪು. ನಿಮ್ಮೋನು ಯಾರನ್ನೂ ಹೊತ್ಕೊಂಡು ಹೋಗ್ತಿಲ್ಲ. ಮಲಗಿರೋರನ್ನ ಎಬ್ಬಿಸ್ಕೊಂಡು ಹೋಗ್ತಾವ್ನೆ. ಏಳಿ."

ಡಾಕ್ಟರು ತಿರುಗಿದರು. ಬಾಯಿ ಒಂದು ಕಡೆ ವಾಲಿತ್ತು, ಕಣ್ಣಲ್ಲಿ ನೀರು. ತುಂಬ ಕಷ್ಟಪಟ್ಟು ಒಂದು ಮಾತು ಹೊರಬಂತು. "ದ... ದನಿ... ಜಾಸ್ತಿ ಮಾಡಿ."

ಅವತ್ತು ಮಂಚದಿಂದ ಬಾಗಿಲವರೆಗೂ ಹೋಗಲಾಗಲಿಲ್ಲ. ಆದರೆ ಎದ್ದರು. ಹುಡುಗಿ ಒಂದು ಕಡೆ, ಮಾವ ಒಂದು ಕಡೆ. ಅಲ್ಲಿಂದ ಮುಂದೆ ವಾರದಲ್ಲಿ ಎರಡು ಮೂರು ದಿನ ಮಾವ ನರಸೀಪುರದಲ್ಲೇ. ಬರದ ದಿನಗಳಿಗೆಂದು ಸ್ಪೀಕರನ್ನು ಅಲ್ಲೇ ಬಿಟ್ಟು, ಎಲ್ಲವನ್ನೂ ನನ್ನ ಕೈಯಲ್ಲಿ ಹುಡುಗಿಯ ಫೋನಿಗೂ ತುಂಬಿಸಿ, ಅವಳಿಗೆ ಕಟ್ಟಪ್ಪಣೆ. "ನಿಧಾನಯ್ಯನ್ನೇ ಹಾಕ್ಬೇಕು. ಅಪ್ಪಿತಪ್ಪಿ ಅವಸರದಯ್ಯನ್ನ ಹಾಕ್ಬಿಟ್ಟೀಯ, ಬೀಳಿಸ್ಬಿಡ್ತಾನೆ!" ಜರ್ಮನಿಯಿಂದ ಇಷ್ಟು ದೂರ ಬಂದು ಅವಸರದಯ್ಯನಿಗೆ ಇಂಥ ಅವಮಾನವಾಗುತ್ತದೆ ಎಂದು ಯಾರು ತಾನೇ ಊಹಿಸಿದ್ದರು?

ಮೊದಲು ಮಂಚದಿಂದ ಬಾಗಿಲು, ಆಮೇಲೆ ಪಡಸಾಲೆ, ಆಮೇಲೆ ಅಂಗಳ. ಮಾವ ಡಾಕ್ಟರ ಮುಂದೆ ನಿಂತು, ಅವರ ಎರಡೂ ಕೈ ಹಿಡಿದು, ತಾವು ಹಿಂದೆ ಹಿಂದಕ್ಕೆ ನಡೆಯುವರು. ತಲೆಯಲ್ಲೇ ತಾಳ. ಒಂದು ದಿನ ಹೀಗೆ ಹಿಂದಕ್ಕೆ ನಡೆದವರು ತುಳಸಿಕಟ್ಟೆಗೆ ಬಡಿದು ಕೂತುಬಿಟ್ಟರು. ಡಾಕ್ಟರು ನಕ್ಕದ್ದು ಕಾಯಿಲೆ ಬಂದ ಮೇಲೆ ಅದೇ ಮೊದಲು. ಬಾಯಿಯ ಎರಡೂ ಬದಿಯಲ್ಲಿ ನಕ್ಕರು ಎಂದು ಅವರ ಹೆಂಡತಿ ಅತ್ತೆಗೆ ಫೋನು ಮಾಡಿ ಹೇಳಿದರಂತೆ.

ಮೊನ್ನೆ ಮತ್ತೆ ಮಾವನನ್ನು ಕರೆದುಕೊಂಡು ಹೋಗಿದ್ದೆ. ನಾನೂ ಡಾಕ್ಟರ ಹೆಂಡತಿಯೂ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆವು. ಅಂಗಳದಲ್ಲಿ ಮಾವ ಸ್ಪೀಕರನ್ನು ಕಲ್ಲಿನ ಮೇಲಿಟ್ಟು ನಿಧಾನಯ್ಯನನ್ನು ಹಚ್ಚಲು ಹೋದರು.

"ಬೇಡ" ಎಂದರು ಜಗಲಿಯ ಕಂಬದ ಹತ್ತಿರ ನಿಂತಿದ್ದ ಡಾಕ್ಟರು. ಮಾತು ಈಗ ಬಹುಮಟ್ಟಿಗೆ ಸರಿಹೋಗಿದೆ, ನಡೆಯಲು ಮಾತ್ರ ಊರುಗೋಲೋ ಮಾವನ ಕೈಯೋ ಬೇಕು. "ಇವತ್ತು ನಿಮ್ಮೋನನ್ನ ಹಾಕಿ. ಅವಸರದೋನನ್ನ."

"ಸುಮ್ನಿರಿ ಡಾಕ್ಟ್ರೇ. ಅವನದು ಬರೀ ಗಡಿಬಿಡಿ. ನಿಮ್ಮೋನೇ ಸರಿ. ನಂಗೀಗ ಅರ್ಥ ಆಗೈತೆ."

"ಏನ್ ಮಣ್ಣು ಅರ್ಥ ಆಗಿದೆ? ದಿನಾ ಕೇಳಿ ಕೇಳಿ ಸಾಕಾಗಿದೆ ನಂಗೆ. ತೂಕಡಿಕೆ ಬರತ್ತೆ. ಬರೆದೋನು ನಡೀರಿ ಅಂತಾನೆ ಬರ್ದಿದ್ದಾನೆ, ಮಲ್ಕೊಳ್ಳಿ ಅಂತಲ್ಲ."

"ಓ, ನಿಮ್ಗೆ ಬಂದು ಹೇಳಿದ್ನಾ ಅವ್ನು? ನಿಧಾನಯ್ಯನಂಥ ಸತ್ವ ಇನ್ಯಾರ್ಗೂ ಇಲ್ಲ ಕಣ್ರೀ!"

"ಸಾವ್ಕಾರ್ರೇ, ನಿಮ್ಗೆ ಸಂಗೀತ ಗೊತ್ತಿಲ್ಲ!"

ಮಾವನಿಗೆ ರೇಗಿತು. ಫೋನನ್ನು ಜೇಬಿಗೆ ತುರುಕಿಕೊಂಡು, ಯಾವುದನ್ನೂ ಹಚ್ಚದೆ, ಬೆನ್ನು ತಿರುಗಿಸಿ ಗೇಟಿನ ಕಡೆಗೆ ನಡೆದರು. "ಬನ್ನಿ ಇಲ್ಲಿ, ಮಾತು ಮುಗ್ದಿಲ್ಲ" ಎಂದು ಡಾಕ್ಟರೂ ಹಿಂದೆಯೇ ಹೊರಟರು. ಇಬ್ಬರೂ ಗೇಟಿನ ಹತ್ತಿರ ಎದುರುಬದುರು ನಿಂತು ಕೈ ಬೀಸಿಕೊಂಡು ವಾದಕ್ಕೆ ಬಿದ್ದರು. ಡಾಕ್ಟರ ಬಲಗೈಯೂ ಅರ್ಧದವರೆಗೆ ಮೇಲೆದ್ದು ಬೀಸುತ್ತಿತ್ತು.

ನನ್ನ ಪಕ್ಕದಲ್ಲಿ ಅವರೆಕಾಯಿಯ ಸದ್ದು ನಿಂತಿತು. ನೋಡಿದೆ. ಡಾಕ್ಟರ ಊರುಗೋಲು ಜಗಲಿಯ ಕಂಬಕ್ಕೆ ಒರಗಿತ್ತು. ಅವರ ಕೈ ಹಿಡಿದುಕೊಂಡವರು ಯಾರೂ ಇರಲಿಲ್ಲ. ಅಷ್ಟುದ್ದದ ಅಂಗಳವನ್ನು ಅವರು ಒಬ್ಬರೇ ದಾಟಿದ್ದರು, ಅದು ಅವರಿಗೂ ಗೊತ್ತಿಲ್ಲ, ಮಾವನಿಗೂ ಗೊತ್ತಿಲ್ಲ.

ನಾನು ಕೂಗಲು ಎದ್ದೆ. ಡಾಕ್ಟರ ಹೆಂಡತಿ ನನ್ನ ಮಣಿಕಟ್ಟು ಹಿಡಿದು ಕೂರಿಸಿಕೊಂಡರು. ಸೆರಗಿನಿಂದ ಕಣ್ಣೊತ್ತಿಕೊಂಡು ಪಿಸುಗುಟ್ಟಿದರು.

"ಏನೂ ಹೇಳ್ಬೇಡ ಕಣವ್ವ. ಜಗಳ ಆಡ್ಲಿ."