ಮರೆವಿನ ಮನೆಗೆ ಇಲಾಖೆ ಬಂದಾಗ

ತಾಯಿ ಬನಶಂಕರಿ, ನಿನಗೆ ನಮಸ್ಕಾರ. ನೆನಪು ಕೊಡುವವಳೂ ನೀನು, ಬೇಕೆನಿಸಿದಾಗ ವಾಪಸ್ ತಗೊಳ್ಳುವವಳೂ ನೀನು. ನಡುವೆ ಫಾರಂ ತುಂಬುವ ಕೆಲಸ ಮಾತ್ರ ನಮ್ಮದು.

ಜೆ.ಪಿ. ನಗರ ದಾಟಿ ಪುಟ್ಟೇನಹಳ್ಳಿ ಕೆರೆಯ ಪಕ್ಕ, ಮರೆವಿನ ಕಾಯಿಲೆ ಬಂದ ಹಿರಿಯರನ್ನು ನೋಡಿಕೊಳ್ಳುವ ಸಣ್ಣ ಮನೆಯೊಂದರಲ್ಲಿ ನಾನು ಮೇಲ್ವಿಚಾರಕಿಯಾಗಿದ್ದೆ. ಹನ್ನೊಂದು ಜನ ಇದ್ದರು. ಅಲ್ಲಿ ದಿನಕ್ಕೊಂದು ತಮಾಷೆ ನಡೆಯುತ್ತಲೇ ಇತ್ತು. ಆದರೆ ಸರ್ಕಾರವೂ ಬಂದು ಸೇರಿಕೊಂಡ ವರ್ಷದ ಕಥೆಯೇ ಬೇರೆ. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ನಮ್ಮ ಮನೆಗೂ ಇಲಾಖೆಯ ಪರವಾನಗಿ ಬೇಕು, ಇಲ್ಲದಿದ್ದರೆ ತಿಂಗಳೊಳಗೆ ಮುಚ್ಚಬೇಕು ಅಂತ ಕಾಗದ ಬಂತು. ಮುಚ್ಚಿದರೆ ಈ ಹನ್ನೊಂದು ಜನರನ್ನು ಎಲ್ಲಿಗೆ ಕಳಿಸೋದು? ದೇವರ ಮೇಲೆ ಭಾರ ಹಾಕಿ, ತಪಾಸಣೆಗೆ ಬಂದ ಇನ್‌ಸ್ಪೆಕ್ಟರಿಗೆ ಕುರ್ಚಿ ಹಾಕಿದೆ.

ಸ್ವಂತ ಇಚ್ಛೆ

ಇಲ್ಲಿರುವವರೆಲ್ಲ ಸ್ವಂತ ಇಚ್ಛೆಯಿಂದ ಇದ್ದಾರೆಂದು ಒಬ್ಬೊಬ್ಬರಿಂದಲೂ ಹೇಳಿಕೆ ಪಡೆಯಬೇಕಂತೆ. ಮೊದಲು ಸಿಕ್ಕಿದ್ದು ನಾಲ್ಕು ವರ್ಷದಿಂದ ನಮ್ಮಲ್ಲೇ ಇದ್ದ ಒಬ್ಬರು ಅಜ್ಜಿ.

"ಅಜ್ಜಿ, ಇಲ್ಲಿಗೆ ಯಾವಾಗ ಬಂದ್ರಿ?"

"ಈಗ ತಾನೇ ಬಂದೆ ಕಣಪ್ಪ, ಮದುವೆಗೆ. ಊಟ ಆದ ತಕ್ಷಣ ಹೊರಟುಬಿಡ್ತೀನಿ."

ಇನ್‌ಸ್ಪೆಕ್ಟರು ಪೆನ್ನು ಹಿಡಿದು ನನ್ನ ಮುಖ ನೋಡಿದರು. ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀವು ಯಾರ ಕಡೆಯವರು, ಹುಡುಗನ ಕಡೆಯೋ ಹುಡುಗಿ ಕಡೆಯೋ?" ಅಂದರು.

"ನಾನು ಸರ್ಕಾರದ ಕಡೆ ಅಜ್ಜಿ."

"ಹಾಗಾದ್ರೆ ಎರಡನೇ ಪಂಕ್ತಿಗೆ ಕೂತ್ಕೊಳ್ಳಿ."

ದೂರು ಪುಸ್ತಕ

ದೂರು ಬರೆಯಲು ಒಂದು ಪುಸ್ತಕ ಇಡಬೇಕೆಂದು ಇನ್ನೊಂದು ನಿಯಮ. ಇಟ್ಟಿದ್ದೆವು. ಅದರ ತುಂಬ ಒಬ್ಬರದೇ ಅಕ್ಷರ. ನಿವೃತ್ತ ಮೇಷ್ಟ್ರೊಬ್ಬರು ಕಾಫಿ ಕುಡಿದು ಲೋಟ ಕೆಳಗಿಟ್ಟ ಕೂಡಲೇ ಹೋಗಿ "ನನಗೆ ಇವತ್ತು ಕಾಫಿ ಕೊಟ್ಟಿಲ್ಲ" ಅಂತ ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದರು.

ಇನ್‌ಸ್ಪೆಕ್ಟರು ಹಾಳೆ ತಿರುವುತ್ತಾ ಗಂಭೀರರಾದರು. "ಇದು ಬಹಳ ಸೀರಿಯಸ್ ಮೇಡಂ. ಬರೆದವರನ್ನ ಕರೀರಿ."

ಮೇಷ್ಟ್ರು ಬಂದರು. ಕನ್ನಡಕ ಸರಿ ಮಾಡಿಕೊಂಡು ಮೊದಲಿನಿಂದ ಕೊನೆಯವರೆಗೂ ಓದಿದರು. ಅವರ ಕಣ್ಣು ಒದ್ದೆಯಾಯಿತು.

"ಯಾರೋ ಪಾಪ, ತಿಂಗಳುಗಟ್ಟಲೆ ಕಾಫಿ ಇಲ್ಲದೆ ಒದ್ದಾಡಿದ್ದಾರೆ. ನೀವು ಸರ್ಕಾರದವರು ಸಾರ್, ಸ್ವಲ್ಪ ವಿಚಾರಿಸಿ. ನನಗಂತೂ ಇಲ್ಲಿ ಏನೂ ತೊಂದರೆ ಇಲ್ಲ."

ಬಾಗಿಲು

ಇಷ್ಟಾದರೂ ಪರವಾನಗಿ ಬಾಗಿಲಲ್ಲೇ ಸಿಕ್ಕಿಕೊಂಡಿತು. ಎಂಟನೇ ನಿಯಮದ ಪ್ರಕಾರ ಹಿರಿಯರು ಒಬ್ಬರೇ ಹೊರಗೆ ಹೋಗುವಂತಿಲ್ಲ. ಅದು ನ್ಯಾಯವೇ. ನಮ್ಮಲ್ಲಿದ್ದ ತಾತ ಒಬ್ಬರು ಹೆಗಲಿಗೆ ಟವೆಲ್ ಹಾಕಿಕೊಂಡು ಸ್ನಾನಕ್ಕೆಂದು ಕೆರೆಗೇ ಇಳಿದುಬಿಟ್ಟಿದ್ದರು. ಆದರೆ ಹತ್ತೊಂಬತ್ತನೇ ನಿಯಮದ ಪ್ರಕಾರ, ಬೆಂಕಿ ಗಿಂಕಿ ಬಿದ್ದರೆ ಅಂತ, ಹಗಲು ಹೊತ್ತು ಬಾಗಿಲಿಗೆ ಬೀಗ, ಚಿಲಕ, ಗೇಟು ಏನೂ ಇರಬಾರದು. ಇದ್ದದ್ದು ಒಂದೇ ಬಾಗಿಲು.

"ಹಾಗಾದ್ರೆ ಏನು ಮಾಡೋದು ಸಾರ್?"

"ಅದು ನಿಯಮದಲ್ಲಿ ಇಲ್ಲ ಮೇಡಂ. ಶುಕ್ರವಾರ ಬರ್ತೀನಿ. ಆಗಲೂ ಹೀಗೇ ಇದ್ರೆ ಮುಚ್ಚೋಕೆ ಬರೀಬೇಕಾಗುತ್ತೆ."

ನನಗೆ ಗೊತ್ತಿದ್ದದ್ದು ಪ್ರಾರ್ಥನೆ ಒಂದೇ. ಮರುದಿನ ಬೆಳಿಗ್ಗೆ ಬನಶಂಕರಿ ಅಮ್ಮನನ್ನು ನೆನೆಯುತ್ತಾ ಹೊಸಿಲ ಒಳಗೆ ಗೋಡೆಯಿಂದ ಗೋಡೆಗೆ ರಂಗೋಲಿ ಹಾಕಿದೆ. ಕಮಲ, ನಡುವೆ ಲಕ್ಷ್ಮಿಯ ಪಾದ. ಟವೆಲ್ ಹಾಕಿಕೊಂಡು ತಾತ ಬಂದರು, ನಿಂತರು, ಕೈಮುಗಿದರು, ವಾಪಸ್ ಹೋದರು. ಹೆತ್ತ ಮಗನ ಹೆಸರು ಮರೆತ ಜೀವ, ರಂಗೋಲಿ ತುಳಿಯಬಾರದು ಅನ್ನೋದನ್ನು ಮರೆತಿರಲಿಲ್ಲ.

ಶುಕ್ರವಾರ ಇನ್‌ಸ್ಪೆಕ್ಟರು ಒಳಗೆ ಬಂದು ಕೂತ ಮೇಲೆ, ಅವರ ಎದುರೇ ರಂಗೋಲಿ ಹಾಕಿದೆ. ಒಬ್ಬೊಬ್ಬರಾಗಿ ಹನ್ನೊಂದು ಜನವೂ ಅಲ್ಲಿಯವರೆಗೆ ಹೋಗಿ ತಿರುಗಿ ಬಂದರು.

"ಬೆಂಕಿ ಬಿದ್ರೆ?" ಅಂದರು ಅವರು.

"ಆಗ ಹೇಗೂ ನೀರು ಹಾಕ್ತೀವಲ್ಲ ಸಾರ್, ರಂಗೋಲಿನೂ ಹೋಗುತ್ತೆ."

ಅವರು ಫಾರಂ ತೆಗೆದು, 'ತಡೆಯ ಸಾಮಗ್ರಿ' ಎಂಬ ಕಡೆ 'ಬಿಳಿ ಪುಡಿ' ಅಂತ ಬರೆದರು. ಫೈಲು ಕಂಕುಳಲ್ಲಿಟ್ಟುಕೊಂಡು, ಚಪ್ಪಲಿಯನ್ನು ಕೈಗೆ ತಗೊಂಡು ಬಾಗಿಲಿಗೆ ಹೋದರು. ನಿಂತರು. ಹಾರೋಣವೆಂದರೆ ಮಂಡಿ ನೋವು.

"ಅಳಿಸಲಾ ಸಾರ್?"

"ಶುಕ್ರವಾರ, ಲಕ್ಷ್ಮಿ ಪಾದ! ದೀಪ ಹಚ್ಚೋ ಮುಂಚೆ ಅಳಿಸ್ತಾರೇನ್ರೀ? ನಮ್ಮ ಮನೆಯವಳಿಗೆ ಗೊತ್ತಾದ್ರೆ ನನ್ನನ್ನ ಮನೆಗೇ ಸೇರಿಸಲ್ಲ."

ಹಾಗೆ ಸಂಜೆಯವರೆಗೂ ನಮ್ಮಲ್ಲೇ ಉಳಿದರು. ಅನ್ನ ಸಾರು ಉಂಡರು, ತಾತನ ಪಕ್ಕದ ಮಂಚದಲ್ಲಿ ಒಂದು ನಿದ್ದೆಯನ್ನೂ ಮಾಡಿದರು. ದೀಪ ಹಚ್ಚಿದ ಮೇಲೆ ನಾನು ಒದ್ದೆ ಬಟ್ಟೆಯಲ್ಲಿ ಒರೆಸಿ ಅವರನ್ನು ಕಳಿಸಿಕೊಟ್ಟೆ.

ಮುಂದಿನ ವಾರ ಪರವಾನಗಿ ಬಂತು. ಜೊತೆಗೆ ಅವರ ವರದಿಯ ಪ್ರತಿ: "ಬಾಗಿಲು ಪೂರ್ತಿ ತೆರೆದಿದೆ. ಆದರೂ ಹೊರಗೆ ಹೋಗಲು ಸಾಧ್ಯವಿಲ್ಲ. ಖುದ್ದಾಗಿ ಆರು ಗಂಟೆ ಕಾಲ ಪರಿಶೀಲಿಸಲಾಗಿದೆ."

ಇದನ್ನು ಕೇಳಿಸಿಕೊಂಡ ನಿಮಗೆಲ್ಲ ತಾಯಿ ಆಯುಸ್ಸು ಕೊಡಲಿ, ಕೊನೆಯವರೆಗೂ ನೆನಪು ಕೊಡಲಿ. ನೆನಪು ಹೋದರೂ ನಗು ಉಳಿಸಲಿ.